ಕೆಡದ ಗಾಡಿಯನ್ನು ಕಲಬುರಗಿಗೆ ಒಯ್ದದ್ದು

ಫೆಬ್ರುವರಿ ಕೊನೆಯ ವಾರದ ಒಂದು ಗುರುವಾರ, ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ನಾವು ಕಮಲಾಪುರ ಬಿಟ್ಟೆವು. ನಾನು ಮತ್ತು ನನ್ನ ಹೆಂಡತಿಯ ತಮ್ಮ ಶರಣಪ್ಪ, ಇಬ್ಬರೇ. ಕಲಬುರಗಿ ಸುಮಾರು ಮೂವತ್ತೈದು ಕಿಲೋಮೀಟರು. ಬಸ್ಸಿನಲ್ಲಾದರೆ ಒಂದು ತಾಸಿನ ಮಾತು. ಆದರೆ ನಾವು ಒಯ್ಯಬೇಕಾದದ್ದು ಕಾರನ್ನೇ. ಕೀಲಿ ತಿರುಗಿಸುವ ಮುಂಚೆ ನಾನು ಮನಸ್ಸಿನಲ್ಲೇ ಕೈಮುಗಿದು, ಗಾಡಿ ಚಾಲೂ ಆಗದಿರಲಿ ಎಂದು ಬೇಡಿಕೊಂಡೆ. ಅದು ಒಂದೇ ಕೀಲಿಗೆ ಚಾಲೂ ಆಯಿತು. ಶರಣಪ್ಪ ಕಿಟಕಿಯ ಗಾಜು ಇಳಿಸಿ ಹೊರಗೆ ನೋಡಿದ.

ಹಾಗೆ ಯಾಕೆ ಬೇಡಿಕೊಂಡೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಡಿಸೆಂಬರಿನ ಒಂದು ದಿನ ನಸುಕಿನ ಐದಕ್ಕೆ ನನ್ನ ಹೆಂಡತಿ ಸುವರ್ಣಾ ಎದೆ ಹಿಡಿದುಕೊಂಡು ಎದ್ದು ಕೂತಳು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಮಾತ್ರ ಬಂತು. ಎದುರಿನ ದೀಪಗಳು ಒಮ್ಮೆ ಹೊತ್ತಿ ಮಂಕಾದವು. ಈಗ ಆದೀತು, ಈಗ ಆದೀತು ಎಂದು ಇಪ್ಪತ್ತು ನಿಮಿಷ ಕೀಲಿ ತಿರುಗಿಸುತ್ತಲೇ ಇದ್ದೆ. ಆಮೇಲೆ ಪಕ್ಕದ ಓಣಿಯವರನ್ನು ಎಬ್ಬಿಸಿ ಅವರ ಜೀಪಿನಲ್ಲಿ ಒಯ್ದೆವು. ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕೈ ಕೆಳಗಿಟ್ಟು, "ಸ್ವಲ್ಪ ಮೊದಲ ಬರಬೇಕಿತ್ತು" ಎಂದರು.

ಅದೇ ದಿನ ಹನ್ನೊಂದಕ್ಕೆ ತನ್ನ ಊರಿನಿಂದ ಬಂದ ಶರಣಪ್ಪ, ಅಂತ್ಯಕ್ರಿಯೆಯ ಸಾಮಾನು ತರಲು ಅದೇ ಕಾರನ್ನು ಒಯ್ದ. ಮೂರನೇ ದಿನದ ಕಾರ್ಯಕ್ಕೆ ಕೂಡಿದ್ದ ಬೀಗರ ನಡುವೆ ಕೂತು, "ನನಗ ಒಂದೇ ಕೀಲಿಗಿ ಚಾಲೂ ಆಯ್ತು" ಎಂದ. ಅಷ್ಟೇ ಅಂದದ್ದು. ಉಳಿದದ್ದನ್ನು ಜನ ತಾವೇ ಪೂರ್ತಿ ಮಾಡಿಕೊಂಡರು: ಗಾಬರಿಯಲ್ಲಿ ಕ್ಲಚ್ ಸರಿಯಾಗಿ ಒತ್ತಿರಲಿಕ್ಕಿಲ್ಲ, ಕೈ ನಡುಗಿರಬೇಕು. ನನಗೂ ಗೊತ್ತಿಲ್ಲ. ಆ ಇಪ್ಪತ್ತು ನಿಮಿಷ ನನ್ನ ಎಡಗಾಲು ಎಲ್ಲಿತ್ತೆಂದು ಎಷ್ಟು ನೆನಪಿಸಿಕೊಂಡರೂ ನೆನಪಿಗೆ ಬರುವುದಿಲ್ಲ.

ಆಮೇಲೆ ಎರಡು ಸಲ ಗಾಡಿ ಹಾಗೆಯೇ ಮಾಡಿತು. ಎರಡು ಸಲವೂ ನಸುಕಿನಲ್ಲಿ, ನಾನೊಬ್ಬನೇ ಇದ್ದಾಗ. ಕಂಪನಿಯ ಸರ್ವೀಸ್ ಸೆಂಟರಿಗೆ ಎರಡು ಬಾರಿ ಒಯ್ದೆ. ಮೊದಲ ಸಲ ಬ್ಯಾಟರಿ ಬದಲಿಸಿದರು. ಎರಡನೇ ಸಲ, ಗಾಡಿಯಲ್ಲಿ ದೋಷವಿಲ್ಲ ಎಂದು ಕಾಗದ ಕೊಟ್ಟರು. ಇದು ಮೂರನೆಯದು. ಶರಣಪ್ಪನದು ಒಂದೇ ಮಾತು: "ಮಾರಿಬಿಡ್ರಿ ಮಾಮಾ. ಅವ್ವ ದಿನಾ ಅದನ್ನ ನೋಡ್ಕೊಂತ ಕುಂದ್ರತಾಳ." ಅವ್ವ ಎಂದರೆ ಸುವರ್ಣಾಳ ತಾಯಿ. ಮಗಳು ಹೋದಾಗಿನಿಂದ ನನ್ನ ಮನೆಯಲ್ಲೇ ಉಳಿದು ನನಗೆ ಅಡಿಗೆ ಮಾಡಿ ಹಾಕುತ್ತಿದ್ದಾಳೆ. ಈ ಸಲವೂ ಏನೂ ಸಿಗದಿದ್ದರೆ ಕಾರನ್ನು ಅಲ್ಲೇ ಕೊಟ್ಟುಬರೋಣ ಎಂದು ಒಪ್ಪಿಕೊಂಡಿದ್ದೆ. ಒಪ್ಪಿದ ದಿನದಿಂದ ನಿದ್ದೆ ಹತ್ತಿರಲಿಲ್ಲ. ಕೊಟ್ಟ ಮೇಲೆ, ತಪ್ಪು ಕಾರಿನದೋ ನನ್ನದೋ ಎಂದು ಇನ್ನು ಯಾರನ್ನು ಕೇಳುವುದು?

ಕುರಿಕೋಟಾ ಸೇತುವೆ ದಾಟುವಾಗ ಬಿಸಿಲು ಏರಿರಲಿಲ್ಲ. ನೀರು ದಡದಿಂದ ಬಹಳ ಒಳಗೆ ಸರಿದಿತ್ತು. ಮಹಾಗಾಂವ ಕ್ರಾಸಿನಲ್ಲಿ ನಿಂತು ಚುರುಮುರಿಯ ಸುಸಲಾ ಮತ್ತು ಮಿರ್ಚಿ ಭಜಿ ತಿಂದೆವು, ಪ್ಲೇಟಿಗೆ ಮೂವತ್ತು ರೂಪಾಯಿ. ನಾನು ರೂಢಿಯಂತೆ ಎಂಜಿನ್ ಬಂದ್ ಮಾಡಿರಲಿಲ್ಲ. ಎಲ್ಲಿಯೂ ಬಂದ್ ಮಾಡದೆ ಓಡಿಸುವುದು ಎರಡು ತಿಂಗಳ ರೂಢಿ.

"ಎಣ್ಣಿ ಪುಕ್ಕಟೆ ಬರ್ತದೇನ್ರಿ ಮಾಮಾ? ಬಂದ್ ಮಾಡ್ರಿ," ಎಂದ ಶರಣಪ್ಪ.

ಬಂದ್ ಮಾಡಿದೆ. ಚಹಾ ಕುಡಿದು ಬಂದು, ಎಡಗಾಲಿನಿಂದ ಕ್ಲಚ್ಚನ್ನು ತಳದವರೆಗೆ ಒತ್ತಿ, ಅವನಿಗೆ ಕಾಣುವಂತೆ ಕೀಲಿ ತಿರುಗಿಸಿದೆ. ಒಂದೇ ಕೀಲಿಗೆ ಹತ್ತಿತು.

"ನೋಡ್ರಿ, ಸೌಕಾರನ ಕುದುರಿ ಹಂಗ ಅದ," ಎಂದು ಅವನು ಬಾಯಿ ಒರೆಸಿಕೊಂಡ.

ಸರ್ವೀಸ್ ಸೆಂಟರಿನಲ್ಲಿ ಒಂಬತ್ತಕ್ಕೆ ಚೀಟಿ ಮಾಡಿಸಿದೆವು. ಕುಳಿತುಕೊಳ್ಳುವ ಕೋಣೆಯಲ್ಲಿ ತಂಪು ಗಾಳಿ, ಸದ್ದಿಲ್ಲದ ಟಿವಿ, ಗುಂಡಿ ಒತ್ತಿದರೆ ಚಹಾ ಕೊಡುವ ಯಂತ್ರ. ಗಾಜಿನ ಆಚೆ ನಮ್ಮ ಕಾರಿಗೆ ವೈರು ಚುಚ್ಚಿ ಕಂಪ್ಯೂಟರಿಗೆ ಜೋಡಿಸಿದ್ದು ಕಾಣುತ್ತಿತ್ತು. ಆಸ್ಪತ್ರೆಯ ಹೊರಗೆ ಕೂತಂತೆಯೇ ಕೂತಿದ್ದೆ. ಯಾರಾದರೂ ಬಾಗಿಲು ತೆಗೆದರೆ ಏಳುತ್ತಿದ್ದೆ. ಹನ್ನೆರಡೂವರೆಗೆ ಟೈ ಕಟ್ಟಿದ ಅಡ್ವೈಸರ್ ಬಂದ.

"ಸರ್, ಸಿಸ್ಟಮ್‌ನ್ಯಾಗ ಒಂದೂ ಎರರ್ ಇಲ್ರಿ. ಬ್ಯಾಟರಿ ಓಕೆ, ಸ್ಟಾರ್ಟರ್ ಓಕೆ. ಗಾಡಿ ಪೂರಾ ವಾಶಿಂಗ್ ಮಾಡಿಸೀನಿ, ಎಂಜಿನ್ ಒಳಗ ಸುದ್ದಾ."

ಶರಣಪ್ಪನಿಗೆ ರೇಗಿತು. "ಏನು ರೋಗ ಅಂತ ಕೇಳಿದ್ರ ಹೆಣಕ್ಕ ಜಳಕ ಮಾಡಿಸಿದಂಗಾಯ್ತಲ್ಲೋ ಇದು!" ಎಂದುಬಿಟ್ಟ. ಅಂದ ಕೂಡಲೇ ನನ್ನ ಕಡೆ ನೋಡಿ ತಲೆ ತಗ್ಗಿಸಿದ.

"ನಸುಕಿನಾಗ ಹತ್ತಂಗಿಲ್ಲ," ಎಂದೆ ನಾನು. "ಒಂದು ರಾತ್ರಿ ಇಲ್ಲೇ ಇಟ್ಟು ಬೆಳಿಗ್ಗೆ ನೋಡ್ರಿ."

"ಹೋದ ಸಲ ಇಟ್ಟು ನೋಡೀವಲ್ರಿ ಸರ್. ನಮ್ಮ ಕೈಯಾಗ ಹತ್ತತದ." ಅವನು ಕೆಟ್ಟವನಲ್ಲ. ಮೆಲ್ಲಗೇ ಹೇಳಿದ. "ಒಮ್ಮೊಮ್ಮೆ ಡ್ರೈವಿಂಗ್ ಹ್ಯಾಬಿಟ್ ಇರ್ತದ ಸರ್."

ನಂತರ ಹೊಸ ಗಾಡಿಯ ಬಣ್ಣದ ಹಾಳೆ ಮುಂದಿಟ್ಟ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಆಫರ್, ಅವತ್ತೇ ಕೊನೆ. ನಾಲ್ಕು ಗಂಟೆಯೊಳಗೆ ಬಂದು ಸಹಿ ಮಾಡಿದರೆ ಸಾಕು. ಶರಣಪ್ಪ ಹಾಳೆಯನ್ನು ಮಡಿಚಿ ಕಿಸೆಗಿಟ್ಟುಕೊಂಡು, "ಊಟ ಮಾಡಿ ಬರ್ತೀವಿ" ಎಂದ.

ಸ್ಟೇಶನ್ ಬಜಾರಿನ ಒಂದು ಖಾನಾವಳಿಯಲ್ಲಿ ಉಂಡೆವು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ನನಗೆ ಒಂದು ರೊಟ್ಟಿಯೂ ಇಳಿಯಲಿಲ್ಲ. ಶರಣಪ್ಪ ತನ್ನ ತಟ್ಟೆ ನೋಡುತ್ತಲೇ, "ಹಿಂಗ ಎಷ್ಟು ದಿನ ಅದರ ಬೆನ್ನ ಹತ್ತತೀರಿ ಮಾಮಾ? ಆಗಿದ್ದು ಆಗಿಹೋಯ್ತು. ನಿಮಗ ಯಾರರ ಏನರ ಅಂದಾರೇನು?" ಎಂದ. ಉತ್ತರ ನನ್ನ ಬಾಯಿಯವರೆಗೆ ಬಂತು. ಮೊಸರಿನ ಜೊತೆ ನುಂಗಿದೆ.

ಹೊರಗೆ ಬಂದಾಗ ಎರಡೂಕಾಲು. ಬಿಸಿಲು ಚುರುಗುಟ್ಟುತ್ತಿತ್ತು. ಕೂತು ಕೀಲಿ ತಿರುಗಿಸಿದೆ. ಟಕ್. ಮತ್ತೆ ತಿರುಗಿಸಿದೆ. ಟಕ್ ಟಕ್. ದೀಪಗಳು ಮಂಕಾದವು. ಡಿಸೆಂಬರಿನ ಆ ಸದ್ದನ್ನು ಮೊದಲ ಬಾರಿ ಇನ್ನೊಬ್ಬರು ನನ್ನ ಪಕ್ಕದಲ್ಲಿ ಕೂತು ಕೇಳುತ್ತಿದ್ದರು.

"ಕೇಳಿದೇನು?" ಎಂದೆ.

"ಸರೀರಿ, ಇತ್ಲಾಗ ಬರ್ರಿ," ಎಂದು ಅವನು ಸುತ್ತು ಹಾಕಿ ಬಂದು ನನ್ನ ಜಾಗದಲ್ಲಿ ಕೂತ. ಕ್ಲಚ್ ಒತ್ತಿದ. ತಿರುಗಿಸಿದ. ಟಕ್ ಟಕ್. ಏಳೆಂಟು ಸಲ ತಿರುಗಿಸಿದ. ಆಮೇಲೆ ಎರಡೂ ಕೈಯನ್ನು ಸ್ಟೇರಿಂಗಿನ ಮೇಲಿಟ್ಟ.

ಎದುರಿನ ಸ್ಟ್ಯಾಂಡಿನ ಆಟೋದವನೊಬ್ಬ, ಹಿಂದಿನ ಗಲ್ಲಿಯಲ್ಲಿ ಖಾಜಾಸಾಬರೆಂಬ ಹಳೆಯ ಎಲೆಕ್ಟ್ರಿಷಿಯನ್ ಇದ್ದಾರೆಂದು ಹೇಳಿ ತಾನೇ ಹೋಗಿ ಕರೆದುಕೊಂಡು ಬಂದ. ಬಿಳಿ ಗಡ್ಡ, ಅಂಗಿಯ ಕಿಸೆಯಲ್ಲಿ ಮೀಟರು, ಹೆಗಲ ಮೇಲೆ ಒಂದು ದಪ್ಪ ವೈರು. ನಾನು ಕಂಪನಿಯ ಕಾಗದ ತೋರಿಸಹೋದೆ.

"ಇರ್ಲಿ ಇರ್ಲಿ, ಕಾಗಜ್ ನಿಮ್ಮ ಬಲ್ಲಿ ಇಟ್ಗೋರಿ. ಕಂಪನಿ ಮಂದಿ ಕಂಪ್ಯೂಟರಿಗಿ ಕೇಳ್ತಾರ. ನಾ ಗಾಡಿಗಿ ಕೇಳ್ತೀನಿ. ತೊಳದಾರೇನು ಇವತ್ತ?"

"ತೊಳದಾರ್ರಿ."

"ಮತ್ತ ಮುಂಜಾನಿ ಥಂಡಿಯಾಗ ಹತ್ತಂಗಿಲ್ಲ, ಹೌದಿಲ್ಲೋ?"

ಇಷ್ಟು ದಿನದಲ್ಲಿ ಅದನ್ನು ನಾನು ಹೇಳುವ ಮುಂಚೆ ಹೇಳಿದವರು ಅವರೊಬ್ಬರೇ. ಬ್ಯಾಟರಿಗೆ ಮೀಟರು ಹಚ್ಚಿ, "ಇದು ಪೈಲವಾನ್ ಅದ" ಎಂದರು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿಗೂ ಮುಟ್ಟಿಸಿ, ಶರಣಪ್ಪನಿಗೆ ಕೀಲಿ ತಿರುಗಿಸಲು ಹೇಳಿದರು. ಮೀಟರನ್ನು ನನ್ನ ಕಡೆ ತಿರುಗಿಸಿದರು. ಎಂಟು ವೋಲ್ಟು.

"ಇಲ್ಲಿ ಸೊನ್ನಿ ಇರಬೇಕ್ರಿ. ಕರೆಂಟ್ ಹೋಗೋ ದಾರಿ ಛಲೋ ಅದ. ತಿರುಗಿ ಬರೋ ದಾರಿ ಬಂದ್ ಆಗ್ಯಾದ. ಅರ್ಥಿಂಗ್ ಇಲ್ಲ."

ಹೆಗಲ ಮೇಲಿನ ದಪ್ಪ ವೈರನ್ನು ಬ್ಯಾಟರಿಯಿಂದ ಎಂಜಿನ್ನಿಗೆ ಹಿಡಿದರು. "ಅಬ್ ಮಾರೋ ಕೀಲಿ." ಗಾಡಿ ತಟ್ಟನೆ ಚಾಲೂ ಆಯಿತು. ನಾನು ಬಾಗಿಲಿಗೆ ಆತುಕೊಂಡು ನಿಂತೆ. ನನ್ನ ಎಡಗಾಲು ಆವತ್ತು ಎಲ್ಲಿಯೇ ಇದ್ದಿರಲಿ, ಈ ಗಾಡಿ ಹತ್ತುತ್ತಿರಲಿಲ್ಲ.

ಅವರು ಗಾಡಿ ಬಂದ್ ಮಾಡಿಸಿ, ಬ್ಯಾಟರಿ ಎತ್ತಿ ಕೆಳಗಿಟ್ಟು, ಅದರ ಅಡಿಯ ತಗಡನ್ನು ಬಿಚ್ಚಿದರು. ವೈರು ಗಾಡಿಯ ಮೈಗೆ ಸೇರುವ ಬೋಲ್ಟಿನ ಸುತ್ತ ಹಸಿರುಗಟ್ಟಿದ ಅಂಟು ಹಕ್ಕಳೆ. ಸ್ಕ್ರೂಡ್ರೈವರಿನಿಂದ ಕೆರೆದು ಅಂಗೈಯಲ್ಲಿ ಹಿಡಿದು ತೋರಿಸಿದರು. ಹಸಿರಿನ ನಡುವೆ ಕುಂಕುಮದ ಕೆಂಪು, ವಿಭೂತಿಯ ಬಿಳುಪು, ತೆಂಗಿನ ನಾರಿನ ಎರಡು ಎಳೆ.

"ಅಣ್ಣಾರ, ಇದರೊಳಗ ಕಾಯಿ ಒಡದೋರು ಯಾರು? ಕಾಯಿನೀರು ಒಣಗಿದ್ರ ಗೋಂದು, ಹಸಿ ಆದ್ರ ತೇಜಾಬು. ಲೋಹ ತಿಂದು ಹಾಕ್ತದ. ಮುಂಜಾನಿ ಥಂಡಿಯಾಗ, ಇಲ್ಲಾ ತೊಳದ ಮ್ಯಾಗ ಹಸಿ ಹಿಡದು ಕರೆಂಟಿನ ದಾರಿ ಬಂದ್ ಆಗ್ತದ. ವರ್ಷಾ ದಸರಾ ಆದ ಮ್ಯಾಗ ಇಂಥವು ಹತ್ತು ಗಾಡಿ ಬರ್ತಾವ ನನಗ. ದಸರಾ ನಿಮ್ದು, ಈದ್ ನಮ್ದು!" ಎಂದು ನಕ್ಕರು.

ದಸರಾದ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ. ನಾನು ಕಾಯಿಯನ್ನು ಗಾಲಿಯ ಮುಂದೆ ಒಡೆಯಲು ಹೋಗಿದ್ದೆ. ಸುವರ್ಣಾ ನನ್ನ ಕೈಯಿಂದ ಕಸಿದುಕೊಂಡಿದ್ದಳು. "ಹೊರಗ ಒಡದ್ರ ರಸ್ತೆಕ್ಕ ಕೊಟ್ಟಂಗಾಗ್ತದ. ಗಾಡಿ ಜೀವ ಒಳಗ ಇರ್ತದ, ಅದಕ್ಕ ಕೊಡಬೇಕು. ಬಾನೆಟ್ ಎತ್ರಿ." ಎತ್ತಿ ಹಿಡಿದಿದ್ದೆ. ಅವಳು ಬ್ಯಾಟರಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೆದು, ಎರಡೂ ಹೋಳಿನ ನೀರನ್ನು ಒಂದು ಹನಿ ಹೊರಗೆ ಬೀಳದಂತೆ ಒಳಗೆ ಸುರಿದಿದ್ದಳು.

ಖಾಜಾಸಾಬರು ಉತ್ತರಕ್ಕೆ ಕಾಯುತ್ತಿದ್ದರು. ಶರಣಪ್ಪ ಗಾಡಿಯಿಂದ ಇಳಿದು ಬಂದು ಆ ಅಂಗೈಯನ್ನೇ ನೋಡುತ್ತ ನಿಂತಿದ್ದ.

"ನಾನೇ ಒಡದದ್ದು," ಎಂದೆ.

ಎರಡೂವರೆ ತಿಂಗಳು ಹುಡುಕಿದ್ದು ಸಿಕ್ಕಿತ್ತು. ಅದನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ.

ಬೋಲ್ಟನ್ನು ಪಾಲೀಷ್ ಕಾಗದದಿಂದ ಉಜ್ಜಿ, ಹೊಸ ಅರ್ಥಿಂಗ್ ಪಟ್ಟಿ ಕಟ್ಟಿ, ಗ್ರೀಸ್ ಹಚ್ಚಲು ಮುಕ್ಕಾಲು ತಾಸು ಹಿಡಿಯಿತು. ಮುನ್ನೂರೈವತ್ತು ರೂಪಾಯಿ ತೆಗೆದುಕೊಂಡರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಅಡ್ವೈಸರನ ಫೋನ್ ಬಂತು. ಶರಣಪ್ಪ ಎತ್ತಿ, "ಬರಂಗಿಲ್ರಿ," ಎಂದ. ಆ ಕಡೆಯಿಂದ ಆಫರ್ ಮುಗಿಯುತ್ತದೆ ಎಂದಿರಬೇಕು. "ಮುಗೀಲಿ," ಎಂದು ಇಟ್ಟ.

ಬರುವಾಗ ಅವನೇ ಓಡಿಸಿದ. ಕುರಿಕೋಟಾ ಸೇತುವೆಗೆ ಮುಂಚೆ ಗಾಡಿಯನ್ನು ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿದ.

"ನೀವು ಒಡದಿಲ್ಲ ಮಾಮಾ," ಎಂದ. "ನಮ್ಮ ಮನಿಯಾಗ ಬೋರಿನ ಮೋಟರಿಗಿ ಸುದ್ದಾ ಅವ್ವ ಕಾಯಿನೀರು ಒಳಗೇ ಸುರೀತಾಳ. ಅಕ್ಕ ಅಕಿ ಬಲ್ಲೇ ಕಲ್ತಾಳ."

"ಬಾನೆಟ್ ಹಿಡದಾಂವ ನಾನೇ."

ಅವನು ನೀರಿನ ಕಡೆ ನೋಡಿದ. "ಆವತ್ತ ನನಗೂ ಒಂದೇ ಕೀಲಿಗಿ ಹತ್ತಲಿಲ್ರಿ. ಐದಾರು ಸಲ ತಿರುವಿದ ಮ್ಯಾಗ ಹತ್ತಿತು."

ಲಾರಿಯೊಂದು ಹಾದುಹೋಯಿತು. ಅದರ ಸದ್ದು ಇಳಿಯುವವರೆಗೆ ಕಾಯಬೇಕಾಯಿತು.

"ಮತ್ತ ಎಲ್ಲಾರ ಮುಂದ ಹಂಗ ಯಾಕಂದಿ?"

"ಅಕ್ಕ ಹೋಗಿದ್ಳು. ಯಾರಿಗರ ಬೈಬೇಕಾಗಿತ್ತು. ನೀವು ಎದುರಿಗಿ ಕುಂತಿದ್ರಿ." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಅಂದಿದ್ದು ಅಂದಂಗೇ ಉಳೀತು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನೀರಿನ ಅಂಚಿನಲ್ಲಿ ಎಮ್ಮೆಗಳು ಮೇಯುತ್ತಿದ್ದವು, ಅವನ್ನೇ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರಿಗೂ ಒಂದೇ ವಿಚಾರ ಬಂದಿರಬೇಕು. ಮನೆಯಲ್ಲಿ ಅವ್ವ ಕೇಳುತ್ತಾಳೆ.

"ಏನಂತ ಹೇಳೋದು?" ಎಂದೆ.

"ನಾ ಹೇಳ್ತೀನಿ. ನೀವು ಸುಮ್ಮಕಿರ್ರಿ," ಎಂದು ಕೀಲಿ ತಿರುಗಿಸಿದ.

ಕಮಲಾಪುರ ಮುಟ್ಟಿದಾಗ ಐದೂವರೆ. ರಸ್ತೆಯ ಬದಿಯ ಗಾಡಿಗಳಲ್ಲಿ ಕೆಂಪು ಬಾಳೆಯ ಗೊನೆಗಳನ್ನು ಇನ್ನೂ ತೂಗುಹಾಕಿದ್ದರು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ನಾವು ಇಳಿಯುವ ಮೊದಲೇ ಎದ್ದು ನಿಂತಳು.

"ಸಿಕ್ತೇನೋ?"

"ಸಿಕ್ತವ್ವ. ಒಂದು ವೈರ್ ಸಡ್ಲಾಗಿತ್ತು. ಕಂಪನಿಯವರ ತಪ್ಪು. ಮಾಮಾಂದೇನೂ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಎರಡೂವರೆ ತಿಂಗಳಲ್ಲಿ ಅವಳು ನನ್ನನ್ನು ಆ ನಸುಕಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. "ಅವರ ಕೈ ಸೇದಿಹೋಗ್ಲಿ," ಎಂದು ಕಂಪನಿಯವರಿಗೆ ಶಾಪ ಹಾಕಿದಳು. ಅವರ ಮನೆ, ಮಠ, ಮುಂದಿನ ತಲೆಮಾರು ಯಾವುದನ್ನೂ ಬಿಡಲಿಲ್ಲ. ನಾವಿಬ್ಬರೂ ತಲೆ ತಗ್ಗಿಸಿ ಕೇಳಿದೆವು. ಬೈದು ಮುಗಿಸಿ ಒಳಗೆ ಹೋದವಳು ಕೈಯಲ್ಲಿ ಒಂದು ಕಾಯಿ ಹಿಡಿದು ಹೊರಗೆ ಬಂದಳು.

"ಕೆಟ್ಟ ಕಣ್ಣು ಬಿದ್ದಿತ್ತು. ತೆಗೀಬೇಕು. ಬಾನೆಟ್ ಎತ್ರಿ ಅಳಿಯಂದ್ರ."

ನಾನು ಶರಣಪ್ಪನ ಕಡೆ ನೋಡಿದೆ.

"ಎಂಜಿನ್ ಕಾದದ ಅತ್ತಿ," ಎಂದೆ. "ಕೈ ಸುಡ್ತದ. ಗಾಲಿ ಮುಂದ ಒಡೀರಿ."

"ಹೊರಗ ಒಡದ್ರ ರಸ್ತೆಕ್ಕ ಕೊಟ್ಟಂಗಲ್ಲೇನ್ರಿ?"

"ಈ ಸಲ ರಸ್ತೆಕ್ಕೇ ಕೊಡ್ರಿ."

ಅವಳು ಒಂದು ಕ್ಷಣ ಕಾಯಿಯನ್ನು ಕೈಯಲ್ಲೇ ತೂಗಿದಳು. ಆಮೇಲೆ ಸೀರೆಯ ನೆರಿಗೆ ಹಿಡಿದು ಮುಂದಿನ ಗಾಲಿಯ ಬಳಿ ಕೂತು, ಕಲ್ಲಿಗೆ ಒಂದೇ ಏಟಿಗೆ ಒಡೆದಳು. ನೀರು ಗಾಲಿಯ ಅಡಿಯಿಂದ ಹರಿದು ರಸ್ತೆಯ ಧೂಳಿಗೆ ಇಳಿಯಿತು. ಅದು ಪೂರ್ತಿ ಇಂಗುವವರೆಗೂ ನಾವಿಬ್ಬರೂ ಬಾನೆಟ್ಟಿನ ಮುಂದೆಯೇ ನಿಂತಿದ್ದೆವು.