ಹಗೇವಿಗಿಳಿದ ಪುಸ್ತಕಗಳು

ಪುಸ್ತಕ ಕೊಳ್ಳುವವರೆಲ್ಲ ಅವನ್ನು ಓದಿಯೇ ತೀರುತ್ತಾರೆಂದು ನೀವು ತಿಳಿದಿದ್ದರೆ ಒಮ್ಮೆ ನಮ್ಮ ಮನೆಗೆ ಬರಬೇಕು. ನಾನು ಓದುವವನೇ ಹೌದು. ಉಣ್ಣುವಾಗಲೂ ಎಡಗೈಯಲ್ಲೊಂದು ಪುಸ್ತಕ ಹಿಡಿದು ಬೈಸಿಕೊಳ್ಳುವವನು. ಆದರೆ ಒಂದನ್ನು ಮುಗಿಸುವಷ್ಟರಲ್ಲಿ ಮೂರು ಬಂದು ಕೂತಿರುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಸರಕಾರ ನನ್ನನ್ನು ಶಾಲೆಯಿಂದ ಶಾಲೆಗೆ ಎತ್ತಿಹಾಕಿತು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ವರ್ಗಾವಣೆ ತಪ್ಪಲಿಲ್ಲ. ಪ್ರತಿ ಸಲವೂ ಓದದ ಪುಸ್ತಕಗಳ ಗಂಟು ಸಂಸಾರದವರ ಜೊತೆಗೇ ಚಕ್ಕಡಿ ಏರುತ್ತಿತ್ತು, ಪ್ರತಿ ಸಲವೂ ಹಿಂದಿನದಕ್ಕಿಂತ ದಪ್ಪಗಾಗಿ. ಸಂಸಾರದಲ್ಲಿ ಮತ್ತಾರೂ ಹಾಗೆ ಮೈ ತುಂಬಿಕೊಳ್ಳಲಿಲ್ಲ.

ನಿವೃತ್ತನಾಗಿ ನಮ್ಮೂರು ತಾಂಬಾಕ್ಕೆ ಬಂದ ಮೇಲೆ ಆ ಗಂಟು ಬಿಚ್ಚಿಕೊಂಡು ಒಳಕೋಣೆಯನ್ನೇ ಹಿಡಿಯಿತು. ಕಾದಂಬರಿ, ಪುರಾಣ, ಪ್ರವಾಸ, ಮನೆಮದ್ದು, ಅವುಗಳ ನಡುವೆ ಬಣ್ಣದ ಚಿತ್ರಕಥೆಗಳು. ಚಿತ್ರಕಥೆಗಳನ್ನು ಮಗಳಿಗೆಂದು ತರುತ್ತಿದ್ದೆ. ಆಕೆ ಮದುವೆಯಾಗಿ ಹೋದ ಮೇಲೂ ತರುವುದು ನಿಲ್ಲಲಿಲ್ಲ; ಕೇಳಿದವರಿಗೆ ಮೊಮ್ಮಕ್ಕಳಿಗೆ ಎನ್ನುತ್ತಿದ್ದೆ. ಮೊಮ್ಮಕ್ಕಳು ಇನ್ನೂ ಹುಟ್ಟಿರಲಿಲ್ಲ.

ಎರಡು ವರ್ಷದ ಕೆಳಗೆ ಎದೆಯಲ್ಲಿ ಏನೋ ಹಿಂಡಿದಂತಾಗಿ ವಿಜಾಪುರದ ಡಾಕ್ಟರರ ಬಳಿಗೆ ಹೋದೆ. ಅವರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿ, ಇನ್ನು ಜೀವಕ್ಕೆ ಶ್ರಮ ಕೊಡಬೇಡಿ, ಬಾಕಿ ಕೆಲಸಗಳೇನಾದರೂ ಇದ್ದರೆ ಮುಗಿಸಿಕೊಳ್ಳಿ ಎಂದರು. ಬಾಕಿ ಎಂದೊಡನೆ ನನ್ನ ಕಣ್ಣಿಗೆ ಕಟ್ಟಿದ್ದು ಆ ಕೋಣೆ. ಹೊಲ, ಮನೆ, ಮಗಳು ಆಮೇಲೆ ನೆನಪಾದರು. ನೆನಪಾದ ಈ ಸರದಿಯನ್ನು ನಮ್ಮಾಕೆಗೆ ಹೇಳಿಲ್ಲ, ನೀವೂ ಹೇಳಬೇಡಿ. ಅಷ್ಟನ್ನೂ ಓದುವ ಮೊದಲೇ ಹೋಗಿಬಿಟ್ಟರೆ ಎಂಬ ಅಂಜಿಕೆ ಅಂದು ಒಳಹೊಕ್ಕದ್ದು ಹೊರಗೆ ಹೋಗಲಿಲ್ಲ. ಆ ಅಂಜಿಕೆಯಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ಇನ್ನೆರಡು ಪುಸ್ತಕ ಕೊಂಡೆ.

ಅದೇ ಹೊತ್ತಿಗೆ ಮಗಳು ಬಾಣಂತನಕ್ಕೆ ಬರುವುದಾಯಿತು. ಬಾಣಂತಿಗೆ ಗಾಳಿಯಾಡದ ಒಳಕೋಣೆಯೇ ಬೇಕು. ಪುಸ್ತಕಗಳನ್ನು ರದ್ದಿಗೆ ಹಾಕಿ, ಇಲ್ಲವೆ ನೀವೂ ಅವೂ ಕೂಡಿ ಅಂಗಳದಲ್ಲಿ ಇರಿ ಎಂದು ನಮ್ಮಾಕೆ ಖಡಕ್ಕಾಗಿ ಹೇಳಿದಳು. ಆಗ ನನಗೆ ಹೊಳೆದದ್ದು ಹಗೇವು. ಜೋಳ ಕೂಡಿಡಲು ನಮ್ಮ ಕಡೆ ನೆಲದೊಳಗೆ ತೋಡುವ ಕಣಜ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಜೋಳದ ಒಣದಂಟಿನ ಕಣಿಕೆ ಹಾಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಅಂಗಳದ ಹಗೇವು ಆಗ ಬರಿದಾಗಿತ್ತು. ಜೋಳ ಕೆಡದ ಕಡೆ ಜ್ಞಾನ ಕೆಟ್ಟೀತೆ ಎಂದುಕೊಂಡು, ಪುಸ್ತಕಗಳನ್ನು ಜೋಳದ ಚೀಲಗಳಲ್ಲೇ ತುಂಬಿಸಿ ಕೆಳಗಿಳಿಸಿ ಬಾಯಿ ಮುಚ್ಚಿಸಿದೆ.

ಚೀಲಗಳು ಇಳಿದದ್ದನ್ನು ಓಣಿಯೆಲ್ಲ ನೋಡಿತು. ಮಾಸ್ತರರ ಹಗೇವು ತುಂಬಿತಂತೆ ಎಂದು ಸುದ್ದಿಯಾಯಿತು. ನಮ್ಮಾಕೆ ಅದನ್ನು ಅಲ್ಲಗಳೆಯಲಿಲ್ಲ. ನನಗೆ ಬೀಳುವ ನಮಸ್ಕಾರಗಳು ಹೆಚ್ಚಾದವು. ತುಂಬಿದ ಹಗೇವಿನ ಮನೆಗೆ ಹೋಗಿ, ಒಳಗಿನ ಜೋಳವನ್ನೆಲ್ಲ ಉಂಡಿರಾ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಉಣ್ಣದೆ ಉಳಿದದ್ದಕ್ಕೇ ಮರ್ಯಾದೆ. ಓದದೆ ಉಳಿದ ಪುಸ್ತಕ ಕಂಡರೆ ಮಾತ್ರ, ಇಷ್ಟೂ ಓದೀರೇನ್ರಿ ಎಂದು ಬಂದವರೆಲ್ಲ ಕೇಳುತ್ತಾರೆ. ಈ ಅನ್ಯಾಯವನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಆದರೂ ಹಗೇವಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಾಗ, ನನ್ನ ಬಾಕಿಯನ್ನು ನಾನೇ ಹೂಳಿಬಿಟ್ಟೆನೇನೋ ಎನಿಸಿ ಮನಸ್ಸು ಸಣ್ಣಗಾಗುತ್ತಿತ್ತು.

ಮಗಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋದ ಮೇಲೆ, ಮಳೆಗಾಲಕ್ಕೆ ಮುಂಚೆ ಹಗೇವು ತೆಗೆಸಿದೆ. ಇಲ್ಲೊಂದು ಪದ್ಧತಿಯನ್ನು ಮರೆತಿದ್ದೆ. ಹಗೇವು ಒಮ್ಮೆ ತೆಗೆದರೆ ಪೂರ್ತಿ ಬರಿದು ಮಾಡಬೇಕು. ಅಷ್ಟು ಕಾಳು ಒಂದು ಮನೆಗೆ ಹೆಚ್ಚಾದ್ದರಿಂದ ನೆರೆಯವರು ಬುಟ್ಟಿ ತಂದು ಕಡ ಒಯ್ಯುತ್ತಾರೆ. ತಮ್ಮ ಹಗೇವು ತೆಗೆದಾಗ ಮೇಲೊಂದು ಬೊಗಸೆ ಸೇರಿಸಿ ತಿರುಗಿ ಕೊಡುತ್ತಾರೆ. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಆಳು ಇಳಿದು ಮೊದಲ ಚೀಲ ಮೇಲೆ ಕಳಿಸುವಷ್ಟರಲ್ಲಿ ಓಣಿಯ ಹೆಂಗಸರು ಬುಟ್ಟಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಮಹಬೂಬ್ಬಿ. ನಮ್ಮ ಅಂಗಳಗಳ ನಡುವೆ ಇರುವುದೊಂದು ಮೋಟುಗೋಡೆ. ಅವರ ತೊಗರಿ, ನಮ್ಮ ಜೋಳ ಅಜ್ಜಂದಿರ ಕಾಲದಿಂದ ಅದನ್ನು ದಾಟಿ ಓಡಾಡಿವೆ.

ಚೀಲ ಬಿಚ್ಚಿತು. ಪುಸ್ತಕಗಳಿಗೆ ಏನೂ ಆಗಿರಲಿಲ್ಲ, ಹಗೇವಿನ ಕಮಟು ವಾಸನೆಯೊಂದು ಹತ್ತಿತ್ತು ಅಷ್ಟೆ. ಎಲ್ಲಕ್ಕೂ ಮೇಲಿದ್ದದ್ದು ಒಂದು ಚಿತ್ರಕಥೆ. ಅದರ ಮುಖಪುಟದ ಹುಲಿ ನೆರೆದವರನ್ನೆಲ್ಲ ನೋಡಿತು, ನೆರೆದವರು ನನ್ನನ್ನು ನೋಡಿದರು. ನಮ್ಮಾಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗುವೋ ನಾಚಿಕೆಯೋ ತಿಳಿಯಲಿಲ್ಲ. ನೆಲವಾದರೂ ಬಾಯಿ ಬಿಡಬಾರದೆ ಎಂದುಕೊಂಡೆ. ಅದು ಆಗಲೇ ಬಿಟ್ಟಿತ್ತು.

ಮಹಬೂಬ್ಬಿಗೆ ಓದು ಬರದು. ಆದರೂ ಆಕೆ ಬಗ್ಗಿ ಹುಲಿಯ ಪುಸ್ತಕವನ್ನು ತನ್ನ ಬುಟ್ಟಿಗೆ ಹಾಕಿಕೊಂಡಳು.

"ತೆಗದ ಹಗೇವಿನ ಮುಂದಿಂದ ಖಾಲಿ ಬುಟ್ಟಿ ಒಯ್ಯಬಾರದ್ರಿ ಮಾಸ್ತರ," ಎಂದಳು.

ಆಕೆಯ ಹಿಂದೆ ಉಳಿದವರೂ ಒಂದೊಂದನ್ನು ಎತ್ತಿಕೊಂಡು ಹೋದರು. ನನ್ನ ಮಾನ ಉಳಿಯಿತು, ಆದರೆ ಪುಸ್ತಕ ಹೋದವಲ್ಲ ಎಂದು ಮರುಗಿದೆ. ಮರುಗಬೇಕಾಗಿರಲಿಲ್ಲ. ಒಬ್ಬೊಬ್ಬರ ಹಗೇವು ತೆಗೆದಂತೆ ಅವು ತಿರುಗಿ ಬರತೊಡಗಿದವು, ಒಂಟಿಯಾಗಿ ಅಲ್ಲ. ಪದ್ಧತಿಯಂತೆ ಮೇಲೊಂದು ಬೊಗಸೆ ಬೇಕಲ್ಲ! ಒಬ್ಬರು ಸೊಲ್ಲಾಪುರದಿಂದ ಮಗ ತಂದ ಪಂಚಾಂಗ ಸೇರಿಸಿದರು, ಇನ್ನೊಬ್ಬರು ದೇವರ ಹಿಪ್ಪರಗಿ ಸಂತೆಯ ಹಾಡಿನ ಪುಸ್ತಕ, ಮತ್ತೊಬ್ಬರು ಕೊಲೆಗಾರನ ಹೆಸರಿರುವ ಕಡೆಯ ಹಾಳೆಯೇ ಹರಿದುಹೋದ ಪತ್ತೇದಾರಿ ಕತೆ. ಕೋಣೆ ಮೊದಲಿಗಿಂತ ಹೆಚ್ಚು ತುಂಬಿದೆ. ನಮ್ಮಾಕೆ ಈಗ ಬೈಯುವುದಿಲ್ಲ. ಓಣಿಯವರು ಕೊಟ್ಟದ್ದನ್ನು ರದ್ದಿಗೆ ಹಾಕಲಾದೀತೆ?

ಹುಲಿಯ ಪುಸ್ತಕವೊಂದು ಮಾತ್ರ ಬಂದಿಲ್ಲ. ಮೊನ್ನೆ ಎದೆ ಮತ್ತೆ ಹಿಂಡಿತು. ಚೇತರಿಸಿಕೊಂಡ ಮೇಲೆ ಮೋಟುಗೋಡೆಯ ಬಳಿ ಹೋಗಿ, ಅದನ್ನು ನೋಡಿ ಆಗಿದೆಯೇ ಎಂದು ಮಹಬೂಬ್ಬಿಯನ್ನು ಕೇಳಿದೆ. ನಾನಿನ್ನೂ ಓದಿಲ್ಲ, ಹೋಗುವುದರೊಳಗೆ ಒಮ್ಮೆ ಓದಬೇಕಿತ್ತು ಎಂದೂ ಅಂದುಬಿಟ್ಟೆ. ಆಕೆ ಗೋಡೆಯ ಮೇಲೆ ಮೊಣಕೈ ಊರಿ ನನ್ನನ್ನೇ ನೋಡಿದಳು. ನನ್ನ ಎದೆಯ ಸಂಗತಿ ಆಕೆಗೆ ಗೊತ್ತು, ಓಣಿಗೇ ಗೊತ್ತು.

"ನಮ್ಮ ಹಗೇವು ಈ ವರ್ಷ ತೆಗ್ಯಾಂಗಿಲ್ರಿ. ಬರೋ ವರ್ಷನೂ ತೆಗ್ಯಾಂಗಿಲ್ಲ. ಯಾವಾಗ ತೆಗೀತೇನಿ ಅವಾಗ ಕೊಡ್ತೇನಿ. ಇಸಗೊಳ್ಳಾಕ ನೀವ ಬರಬೇಕು ಮತ್ತ."

ಪದ್ಧತಿಯ ಮುಂದೆ ಡಾಕ್ಟರರದೇನು ನಡೆದೀತು? ಆಗಲಿ ಎಂದು ಒಳಗೆ ಬಂದೆ. ಕೈಗೆ ಸಿಕ್ಕ ಪುಸ್ತಕ ತೆರೆದಾಗ ಹಗೇವಿನ ವಾಸನೆ ಬಂತು. ಅವಸರವೇನೂ ಇರಲಿಲ್ಲ, ಮೊದಲ ಪುಟವನ್ನು ಎರಡು ಸಲ ಓದಿದೆ.