ಬೋಣಿ ಹೊತ್ತಿನ ನಾಣ್ಯ

"ಖೋಟಾ ನಾಣ್ಯ ಕೊಡ್ತೀ ಏನಬೇ ಮುದುಕಿ?" ಎನ್ನುತ್ತ ಗಿರಾಕಿಯೊಬ್ಬ ಚಿಲ್ಲರೆಯಲ್ಲಿ ಬಂದ ಹತ್ತು ರೂಪಾಯಿಯ ನಾಣ್ಯವನ್ನು ಮೆಂತ್ಯ ಸೊಪ್ಪಿನ ಮೇಲೆ ಒಗೆದ. ಬೈಲಹೊಂಗಲ ಸಂತೆಯಲ್ಲಿ ಆಗಿನ್ನೂ ಬೋಣಿ ಹೊತ್ತು. ಮೊದಲ ಗಿರಾಕಿಯೊಂದಿಗೆ ಜಗಳವಾಡಿದರೆ ದಿನವೆಲ್ಲ ಕೆಡುತ್ತದೆಂದು ಸೊಪ್ಪು ಮಾರುವ ಅಜ್ಜಿ ಬೇರೆ ನಾಣ್ಯ ಕೊಟ್ಟಳು.

ಸೊಪ್ಪು ಕೊಳ್ಳಲು ಪಕ್ಕದಲ್ಲೇ ನಿಂತಿದ್ದ ನಾನು ಬಿದ್ದ ನಾಣ್ಯವನ್ನು ಎತ್ತಿ ನೋಡಿದೆ. ನಡುವಿನ ಬಿಳಿ ಬಿಲ್ಲೆ ಒಂದು ಬದಿಗೆ ಸರಿದು ಕೂತಿತ್ತು. ಹನ್ನೆರಡು ವರ್ಷದಿಂದ ಇಂಥವನ್ನೇ ಹುಡುಕುವ ಹುಚ್ಚು ನನಗೆ. ಜಾಣತನ ತಡೆಯಲಾಗದೆ, "ಇದು ಖೋಟಾ ಅಲ್ರೀ, ಟಂಕಸಾಲ್ಯಾಗ ತಪ್ಪಿ ಅಚ್ಚಾಗೇತಿ. ಸಂಗ್ರಹ ಮಾಡೋರು ಸಾವಿರಾರು ರೂಪಾಯಿ ಕೊಡ್ತಾರ" ಎಂದೆ.

ಆತ ನನ್ನ ಕೈಯಿಂದ ಅದನ್ನು ಕಸಿದು, "ಇದು ನನಗ ಬಂದ ಚಿಲ್ಲರ" ಎಂದು ಕಿಸೆಗೆ ಹಾಕಿಕೊಂಡು ನಡೆದ. ಬದಲಿಗೆ ಪಡೆದ ನಾಣ್ಯವನ್ನೂ ಮರಳಿ ಕೊಡಲಿಲ್ಲ. ನಾನು ಕೂಗಲು ಹೋದರೆ ಅಜ್ಜಿಯೇ ತಡೆದಳು: "ಬೋಣಿ ಹೊತ್ತಿನ್ಯಾಗ ಬ್ಯಾಡ್ರೀ ಯಪ್ಪಾ. ಖೋಟಾ ಆದ್ರ ನಂದು, ಅಸಲಿ ಆದ್ರ ಅವರದು. ಮೊದಲಿಂದ ಹಂಗ ಐತಿ."

ಮನೆಗೆ ಬಂದು ನನ್ನ ಆಲ್ಬಮ್ ತೆರೆದೆ. ತಪ್ಪಿ ಅಚ್ಚಾದ ನಲವತ್ತು ನಾಣ್ಯಗಳಿವೆ. ಹೆಚ್ಚಿನವು ಇಂಥ ಅಜ್ಜಿಯರಿಂದಲೇ, "ಇದು ಎಲ್ಲೂ ನಡಿಯೂದಿಲ್ಲಬೇ, ನನಗ ಕೊಡು" ಎಂದು ಹೇಳಿ, ಹತ್ತಕ್ಕೆ ಹತ್ತು ಕೊಟ್ಟು ತಂದವು.