ಖಾಲಿ ಬಿಲ್ಲೆ

ಅವರ ಬಲಗೈ ಹೆಬ್ಬೆರಳ ಮೇಲೆ ಕಾಸಿನಗಲದ ಸುಟ್ಟ ಕಲೆ ಇತ್ತು. ಎಣ್ಣೆ ಇಳಿಸುವ ಗಾಜಿನ ಪಾತ್ರೆ ಆರುವ ಮೊದಲೇ ಕೈ ಹಾಕುವ ಆತುರ ಅವರದು. ವಿಶಾಖಪಟ್ಟಣದಲ್ಲಿ ನನ್ನ ಸಂಶೋಧನೆಗೆ ಗೈಡ್ ಆಗಿದ್ದ ಮೇಡಂ. ಧಾರವಾಡದವರು, ನೌಕಾಪಡೆಯ ಗಂಡನ ಜೊತೆ ಬಂದು ಅಲ್ಲೇ ನಿಂತವರು. ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಬಂದ ಅಪ್ಪನ ಮಗಳು. ನನ್ನ ಕನ್ನಡ ಕೇಳಿದ್ದೇ ತಡ, ಮೊದಲ ದಿನವೇ ಅವರ ಊಟದ ಡಬ್ಬಿಯಲ್ಲಿ ನನಗೂ ಪಾಲು ಸಿಕ್ಕಿತು.

ಊರಂಚಿನ ಋಷಿಕೊಂಡದ ಆಚೆಯಿಂದ ಕಾಮಕಸ್ತೂರಿ ತರುತ್ತಿದ್ದೆವು. ಸೊಪ್ಪು ಕುದಿಸಿ ಆವಿ ತಣಿಸಿದರೆ ಬುಟ್ಟಿಗೆ ಒಂದೆರಡು ಚಮಚ ಎಣ್ಣೆ. ಅದನ್ನು ದ್ರಾವಕದಲ್ಲಿ ಬೆರೆಸಿ, ಕಾಗದದ ಪುಟ್ಟ ಬಿಲ್ಲೆಗೆ ಹೀರಿಸಿ, ಬ್ಯಾಕ್ಟೀರಿಯ ಹರಡಿದ ತಟ್ಟೆಯ ಮೇಲಿಡಬೇಕು. ಬ್ಯಾಕ್ಟೀರಿಯ ಬೆಳೆಯದಿದ್ದರೆ ಬಿಲ್ಲೆಯ ಸುತ್ತ ತಿಳಿಯಾದ ಬಳೆ ಮೂಡುತ್ತದೆ. ಪಕ್ಕದಲ್ಲೇ ಎಣ್ಣೆಯಿಲ್ಲದ, ಬರೀ ದ್ರಾವಕದ ಬಿಲ್ಲೆಯೊಂದು ಇರಲೇಬೇಕು. ಅದರ ಸುತ್ತಲೂ ಬಳೆ ಬಂದರೆ, ಕೆಲಸ ಮಾಡಿದ್ದು ಎಣ್ಣೆಯೋ ದ್ರಾವಕವೋ ಹೇಳಲಾಗದು.

"ಖಾಲಿ ಬಿಲ್ಲಿ ಮೊದಲ ಇಡವಾ. ಎಣ್ಣಿ ಮ್ಯಾಲಿನ ಪ್ರೀತಿಗೆ ಅದನ್ನ ಮರತಿ ಅಂದ್ರ ಕಿವಿ ಹಿಂಡತೀನಿ" ಎನ್ನುತ್ತಿದ್ದರು.

ಒಮ್ಮೆ ಮರೆತೆ. ಅಷ್ಟೂ ತಟ್ಟೆಗಳನ್ನು ಎಸೆಸಿ, ಮತ್ತೆ ಮೊದಲಿನಿಂದ ಮಾಡಿಸಿದರು. ಸಂಜೆ ತಾವೇ ಚಹಾ ಮಾಡಿಕೊಟ್ಟರು. ಅಮ್ಮನಿಗಿಂತ ಹೆಚ್ಚು ನಂಬಿದ್ದೆ ಅವರನ್ನು.

ನಾಲ್ಕನೇ ವರ್ಷ ಹೊಸ ದ್ರಾವಕ ತರಿಸಿದೆವು. ಖಾಲಿ ಬಿಲ್ಲೆಯ ಸುತ್ತಲೂ ದೊಡ್ಡ ಬಳೆ! ಓಡಿಹೋಗಿ ತೋರಿಸಿದೆ. "ಮತ್ತ ಮಾಡೂಣು ತಗೋ" ಎಂದರು.

ಎರಡೇ ವಾರಕ್ಕೆ ವಿಜಯವಾಡದ ವಿಚಾರಸಂಕಿರಣದಲ್ಲಿ, ಪರದೆಯ ಮೇಲೆ ಅದೇ ತಟ್ಟೆಯ ಫೋಟೊ. ಖಾಲಿ ಬಿಲ್ಲೆಯಿದ್ದ ಅಂಚನ್ನು ಕತ್ತರಿಸಿದ್ದರು. ಕೆಳಗೆ ಅವರ ಹೆಸರು, ಪಕ್ಕದಲ್ಲಿ ನನ್ನದು. ಜನ ಚಪ್ಪಾಳೆ ತಟ್ಟಿದರು.

ಹೊರಗೆ ಅಡ್ಡಗಟ್ಟಿ ಕೇಳಿದೆ. "ಖಾಲಿ ಬಿಲ್ಲೆ ಎಲ್ಲಿ ಮೇಡಂ?"

"ನಿನ್ನ ಪಿಎಚ್‌ಡಿ ಮುಗೀಬೇಕೋ ಬ್ಯಾಡೋ?" ಎಂದರು, ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತ.

ಮೋಸ ಮಾಡಿದ್ದಲ್ಲದೆ ಅದನ್ನು ನನ್ನ ತಲೆಗೇ ಕಟ್ಟಿದರಲ್ಲ! ಆ ಪ್ರಬಂಧದಿಂದ ನನ್ನ ಹೆಸರು ತೆಗೆಸಿದೆ, ಗೈಡ್ ಬದಲಿಸಿದೆ, ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಮತ್ತೆ ಅವರೊಂದಿಗೆ ಮಾತಾಡಲಿಲ್ಲ.

ಈಗ ಅದೇ ವಿಜಯವಾಡದ ಪಟಮಟದಲ್ಲಿದ್ದೇನೆ, ಅಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಕಳೆದ ತಿಂಗಳು ಮೇಡಂ ತೀರಿಕೊಂಡರು. ಅವರ ನೆನಪಿನ ಪುಸ್ತಕಕ್ಕೆ ಬರೆಯಲು ಹಳೆಯ ಸಹಪಾಠಿ ಕೇಳಿದಳು. "ಒಳ್ಳೇದಷ್ಟೇ ಬರಿಯೇ, ಹೋದವರ ವಿಷಯ" ಎಂದಳು.

ಡಬ್ಬಿಯ ಊಟ, ಚಹಾ ಎಲ್ಲ ಬರೆದೆ, ಬರೆಯುತ್ತ ಅತ್ತೆ. ಕೈಹಿಡಿದು ಕೆಲಸ ಕಲಿಸಿದ ಋಣ ತೀರುವಂಥದ್ದಲ್ಲ. ಸಿಟ್ಟೂ ತೀರಿಲ್ಲ. ವಿಜಯವಾಡದ ಆ ಮಧ್ಯಾಹ್ನವನ್ನು ಬಿಟ್ಟುಬಿಡಲು ನೋಡಿದೆ, ಕೈ ಬರಲಿಲ್ಲ. ಅದನ್ನೂ ಸೇರಿಸಿದ್ದೇನೆ. ಇದಕ್ಕೆ ಅವರು ಕಿವಿ ಹಿಂಡುತ್ತಿರಲಿಲ್ಲ.